ರೇನರ್ಸ್ ಲೇನಿನ ಹಳ್ಳದ ಸೊಪ್ಪು

ನಾವು ಬಾಡಿಗೆಗೆ ಹಿಡಿದ ಕೋಣೆಯ ಬಾಗಿಲು ತೆರೆದರೆ ಮಂಚದ ಮೇಲೆ ಹಿಟ್ಟು ಮಲಗಿತ್ತು.

ಬಿಳಿ ಹಾಸುಬಟ್ಟೆಯ ಮೇಲೆ, ತಲೆದಿಂಬಿನ ಜಾಗದಿಂದ ಕಾಲ್ದೆಸೆಯವರೆಗೆ, ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿದ ಅಗಲವಾದ ಹಾಳೆಗಳು. ಕಿಟಕಿ ತೆರೆದಿತ್ತು, ಆಗಸ್ಟಿನ ಬಿಸಿಲು ಅವುಗಳ ಮೇಲೆ ಬಿದ್ದಿತ್ತು. ಕೋಣೆಯ ತುಂಬ ಹಸಿ ತತ್ತಿಯ ವಾಸನೆ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ನೇರವಾಗಿ ಸೂಟ್‌ಕೇಸು ಎಳೆದುಕೊಂಡು ಬಂದಿದ್ದ ನಾನೂ ನನ್ನ ಹೆಂಡತಿ ನೀಲಾನೂ ಹೊಸ್ತಿಲಲ್ಲೇ ನಿಂತುಬಿಟ್ಟೆವು. ತತ್ತಿಯನ್ನು ಮನೆಯೊಳಗೆ ತಾರದ ಮನೆತನ ನಮ್ಮದು.

"ರೀ, ಮನಿ ನಂಬರ್ ಬರೋಬ್ಬರಿ ಐತಿಲ್ರಿ?" ನೀಲಾ ಮೆಲ್ಲಗೆ ಕೇಳಿದಳು.

ನಮ್ಮ ಹಿಂದೆ ಮೆಟ್ಟಿಲು ಹತ್ತಿ ಬಂದ ಮನೆಯೊಡತಿ, ಕಪ್ಪು ಉಡುಪಿನ, ಎಂಬತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು, ಮುರುಕು ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟರು: "ಮುಟ್ಟಬೇಡಿ. ಸಂಜೆ ಒಣಗುತ್ತೆ. ಆಮೇಲೆ ಮಂಚ ನಿಮ್ಮದು."

ಸಂಜೆಯವರೆಗೆ ಸೂಟ್‌ಕೇಸುಗಳ ಮೇಲೆ ಕೂತಿದ್ದೆವು. ಬಿಸಿಲು ಇಳಿದ ಮೇಲೆ ಅವರು ಬಂದು ಹಾಳೆಗಳನ್ನೆಲ್ಲ ಉಗುರಗಲದ ಚೌಕಗಳಾಗಿ ಕತ್ತರಿಸಿ ಚೀಲಕ್ಕೆ ತುಂಬಿಕೊಂಡು ಹೋದರು. ಅದರ ಹೆಸರು ಹಿಲೊಪಿಟೆಸ್, ನಮ್ಮ ಶಾವಿಗೆಯ ಹಾಗೆ ಬೇಸಿಗೆಯಲ್ಲಿ ಮಾಡಿಟ್ಟು ವರ್ಷವಿಡೀ ತಿನ್ನುವ ಪದಾರ್ಥ ಎಂದು ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಆ ದಿನ ಮಾತ್ರ ನಾವು ಮಂಚ ಬಿಟ್ಟು, ಧಾರವಾಡದಿಂದ ತಂದ ಚಾದರ ಹಾಸಿಕೊಂಡು ನೆಲದ ಮೇಲೆ ಮಲಗಿದೆವು.

ಲಂಡನ್ ಎಂದರೆ ಊರಿನವರು ಸೇತುವೆ, ಗಡಿಯಾರದ ಗೋಪುರ ಎಂದುಕೊಳ್ಳುತ್ತಾರೆ. ನಮ್ಮ ಲಂಡನ್ ನಗರದ ವಾಯವ್ಯ ಅಂಚಿನ ರೇನರ್ಸ್ ಲೇನ್. ಒಂದೇ ಅಚ್ಚಿನ ಜೋಡಿಮನೆಗಳು, ನಡುವೆ ಟ್ಯೂಬ್ ರೈಲಿನ ಸ್ಟೇಷನ್, ಅದರ ಸುತ್ತ ಕರಿಬೇವು, ನುಗ್ಗೇಕಾಯಿ, ಇಡ್ಲಿ ಅಕ್ಕಿ ಮಾರುವ ಅಂಗಡಿಗಳು. ನೀಲಾ ಸರಕಾರಿ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಬಸ್ಸಿನಲ್ಲಿ ಡ್ಯೂಟಿಗೆ ಹೋಗಬಹುದಾದ ಅಂತರದಲ್ಲಿ ನಮಗೆ ಸಿಕ್ಕಿದ್ದು ಈ ಮನೆಯ ಮೇಲಂತಸ್ತು ಮಾತ್ರ. ನಾನು ಅವಳ ವೀಸಾದ ಆಸರೆಯಲ್ಲಿ ಬಂದ ಗಂಡ. ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಇಲ್ಲಿ ಅರ್ಜಿ ಹಾಕುತ್ತಿದ್ದೆ. ಹತ್ತಿರದ ಹ್ಯಾರೋದ ದೇವಸ್ಥಾನದಲ್ಲಿ ಕನ್ನಡದವರು ಸೇರಿದಾಗ, "ನೀವು ಏನ್ ಮಾಡ್ಕೊಂಡಿದೀರಾ ಸಾರ್?" ಎಂದು ಯಾರಾದರೂ ಕೇಳುತ್ತಿದ್ದರು. "ಮನೆ ನೋಡ್ಕೋತೀನಿ" ಎಂದರೆ ಮಾತು ಅಲ್ಲಿಗೇ ನಿಂತು, ಅವರ ಕಣ್ಣು ಪ್ರಸಾದದ ಸಾಲಿನ ಕಡೆ ಹೊರಳುತ್ತಿತ್ತು. ನನ್ನ ಧಾರವಾಡದ ಮಾತು ಕೂಡ ಅಲ್ಲಿ ನಾಲಿಗೆಯಲ್ಲೇ ಮಡಚಿಕೊಂಡು ಬೆಂಗಳೂರು ಕನ್ನಡವಾಗುತ್ತಿತ್ತು.

ಆದರೆ ನೋಡಿಕೊಳ್ಳಲು ನನ್ನದೆಂಬ ಮನೆಯೂ ಇರಲಿಲ್ಲ. ಅಡುಗೆಮನೆ ಒಂದೇ, ಅದು ಗ್ರೀಸಿನಿಂದ ಬಂದ ಮನೆಯೊಡತಿಯದು. ಹೆಸರು ಎವಾಂಥಿಯಾ. ಕಿರಿಯಾ ಎವಾಂಥಿಯಾ ಎಂದು ಕರೆಯಬೇಕು. ಕಿರಿಯಾ ಎಂದರೆ ಅಮ್ಮಾವ್ರು. ನಾನು ಮೇಷ್ಟ್ರು ಎಂದು ತಿಳಿದ ದಿನದಿಂದ ಅವರು ನನ್ನನ್ನು 'ದಾಸ್ಕಲೆ' ಎಂದರು. ಗ್ರೀಕ್ ಭಾಷೆಯಲ್ಲಿ ಅದು 'ಮಾಸ್ತರರೇ' ಎಂದ ಹಾಗೆ. ಕೆಲಸವಿಲ್ಲದ ಮಾಸ್ತರನಿಗೆ ಅದು ಗೌರವವೋ ಚುಚ್ಚುಮಾತೋ ತಿಳಿಯುತ್ತಿರಲಿಲ್ಲ.

ಮೊದಲ ವಾರವೇ ಜಗಳವಾಯಿತು. ಬೇಳೆಗೆ ಒಗ್ಗರಣೆ ಕೊಟ್ಟೆ. ಎಣ್ಣೆಗೆ ಇಂಗು ಬಿದ್ದದ್ದೇ ತಡ, ಕಿರಿಯಾ ಓಡಿ ಬಂದು ಹಿತ್ತಿಲ ಬಾಗಿಲು ತೆರೆದು, ಚರಚರ ಅನ್ನುವ ಬಾಣಲೆಯನ್ನು ಹಾಗೇ ಎತ್ತಿ ಹುಲ್ಲಿನ ಮೇಲೆ ಇಟ್ಟರು.

"ಏನು ಸತ್ತಿದೆ ಇದರಲ್ಲಿ?"

"ಏನೂ ಸತ್ತಿಲ್ಲ. ಇದು ಗಿಡದ ಅಂಟು. ನಮ್ಮ ಅಡುಗೆ ಇದಿಲ್ಲದೆ ಆಗೋದಿಲ್ಲ."

"ನನ್ನ ಅಡುಗೆ ಇದಿದ್ದರೆ ಆಗೋದಿಲ್ಲ."

ಇಂಗಿನ ಡಬ್ಬಿ ಅಂದೇ ತೋಟದ ಶೆಡ್ಡಿಗೆ ಹೋಯಿತು. ಅವರು ಚರ್ಚಿಗೆ ಹೋದ ಹೊತ್ತಿನಲ್ಲಿ ಮಾತ್ರ ಒಗ್ಗರಣೆ ಎಂದು ಒಪ್ಪಂದವಾಯಿತು. ಬಾಗಿಲಲ್ಲಿ ಕೀಲಿಯ ಸದ್ದಾದರೆ ಕಿಟಕಿ ತೆರೆದು ಟವೆಲ್ ಬೀಸುತ್ತಿದ್ದೆ. ಮಕ್ಕಳಿಗೆ ಪಾಠ ಮಾಡಿದ ಗಂಡಸು, ಸ್ವಂತ ಊಟಕ್ಕೆ ಕಳ್ಳನ ಹಾಗೆ. ಧಾರವಾಡದಲ್ಲಿ ಓಣಿಯ ಮೂಲೆಗೆ ಬಂದರೆ ಯಾರ ಮನೆಯಲ್ಲಿ ಏನು ಸಾರು ಎಂದು ಮೂಗಿಗೇ ತಿಳಿಯುತ್ತದೆ, ಅದಕ್ಕೆ ಯಾರೂ ಸಂಕೋಚಪಡುವುದಿಲ್ಲ. ಇಲ್ಲಿ ವಾಸನೆ ಗೋಡೆ ದಾಟಿದರೆ ತಪ್ಪು. ಮನೆ ಬಿಡಿ ಅಂದುಬಿಟ್ಟರೆ ಎಲ್ಲಿಗೆ ಹೋಗುವುದು ಎಂಬ ಅಂಜಿಕೆ ದಿನವೂ ನಮ್ಮ ಜತೆ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು.

ಚಳಿಗಾಲದಲ್ಲಿ ಆ ಅಡುಗೆಮನೆಯೇ ಮನೆಯ ಬೆಚ್ಚನೆಯ ಜಾಗ. ನಾನು ಅಲ್ಲಿಯೇ ಮೂಲೆಯ ಕುರ್ಚಿ ಹಿಡಿದು ಅರ್ಜಿ ಬರೆಯುತ್ತಿದ್ದೆ. ಕಿರಿಯಾ ಹಿಟ್ಟು ಲಟ್ಟಿಸುತ್ತಿದ್ದರು. ಅವರ ಲಟ್ಟಣಿಗೆ ಕಸಬರಿಗೆಯ ಕೋಲಿನಷ್ಟು ಉದ್ದ, ಹೆಬ್ಬೆರಳಿನಷ್ಟು ದಪ್ಪ. ಹಿಟ್ಟನ್ನು ಕೋಲಿಗೆ ಸುತ್ತಿ, ಅಂಗೈಯಿಂದ ಒತ್ತುತ್ತ ಬಿಚ್ಚಿದರೆ ಪ್ರತಿಸಲವೂ ಹಾಳೆ ಇನ್ನಷ್ಟು ಅಗಲ. ಒಂದರ ಮೇಲೊಂದು ಹಾಸಿ, ನಡುವೆ ಸೊಪ್ಪು, ಈರುಳ್ಳಿ, ಗಿಣ್ಣದಂಥ ಬಿಳಿ ಚೀಸು ತುಂಬಿ ಅಗಲವಾದ ತಟ್ಟೆಯಲ್ಲಿ ಬೇಯಿಸಿದರೆ ಅದು ಪಿಟಾ. ಅವರು ಹುಟ್ಟಿದ್ದು ಗ್ರೀಸಿನ ವಾಯವ್ಯದ ಎಪಿರಸ್ ಎಂಬ ಬೆಟ್ಟಸೀಮೆಯಲ್ಲಿ. ಕಲ್ಲುನೆಲ, ಕುರಿ ಕಾಯುವ ಜನ. ಬುತ್ತಿಗೆ ಕಟ್ಟಲು ಬರುತ್ತದೆ, ಇದ್ದಬದ್ದದ್ದೆಲ್ಲ ಒಳಗೆ ಹಿಡಿಸುತ್ತದೆ, ಆದ್ದರಿಂದ ಅಲ್ಲಿ ಎಲ್ಲವೂ ಪಿಟಾ.

"ಕ್ರೀಟ್ ದ್ವೀಪದವರು ಎಣ್ಣೆಯಲ್ಲಿ ಈಜುತ್ತಾರೆ" ಎನ್ನುತ್ತಿದ್ದರು ಕಿರಿಯಾ. "ಥೆಸಲೊನಿಕಿ ನಗರದವರು ಎಲ್ಲದಕ್ಕೂ ದಾಲ್ಚಿನ್ನಿ ಸುರಿಯುತ್ತಾರೆ. ಅಡುಗೆ ಬರುವುದು ನಮಗೆ."

ನನಗೆ ನಗು ಬರುತ್ತಿತ್ತು. ಮೈಸೂರು ಕಡೆಯವರು ಸಾರಿಗೆ ಬೆಲ್ಲ ಹಾಕುತ್ತಾರೆಂದು ಮೂಗು ಮುರಿಯುವ ನಮ್ಮ ಅತ್ತೆಯ ದನಿ ಅದೇ.

ಒಂದು ದಿನ ಕಿರಿಯಾ ನನ್ನ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ, ಸೊಪ್ಪಿನ ಕಟ್ಟು ಮುಂದಿಟ್ಟು ಚಾಕು ಕೊಟ್ಟರು. ನಾನು ಸೋಸಿ ಹೆಚ್ಚಿದೆ. "ದಪ್ಪ ಆಯಿತು" ಎಂದರು. ಮರುದಿನವೂ ಕೊಟ್ಟರು. ಹಾಗೆ ನಾನು ಆ ಅಡುಗೆಮನೆಗೆ ಸೇರಿದೆ. ಹಾಳೆ ಲಟ್ಟಿಸುವುದು ನನಗೆ ಕೊನೆಗೂ ಬರಲಿಲ್ಲ, ಆದರೆ ಎಪಿರಸ್ಸಿನ ಇನ್ನೊಂದು ಪಿಟಾ ಕೈಗೆ ಹತ್ತಿತು. ಅದಕ್ಕೆ ಹಾಳೆ ಬೇಡ. ಎಣ್ಣೆ ಸವರಿದ ತಟ್ಟೆಗೆ ಗೋವಿನಜೋಳದ ಹಿಟ್ಟು ಉದುರಿಸಿ, ಮೇಲೆ ಸೊಪ್ಪು ಹರಡಿ, ಅದರ ಮೇಲೆ ಅದೇ ಹಿಟ್ಟನ್ನು ತೆಳ್ಳಗೆ ಕಲಸಿ ಸುರಿದು ಬೇಯಿಸುವುದು. ಬ್ಲಾತ್ಸರ್ಯಾ ಎನ್ನುತ್ತಾರೆ. ಬಡವರ ಪಿಟಾ. ಮೊದಲ ತುತ್ತಿಗೆ ನಾಲಿಗೆ ತಾಲಿಪೆಟ್ಟು ಎಂದಿತು. ಎರಡನೆಯದಕ್ಕೆ ಅಲ್ಲ ಎಂದಿತು.

ಈಸ್ಟರಿಗೆ ಮುಂಚಿನ ವಾರಗಳು ಅವರಿಗೆ ವ್ರತದ ಕಾಲ, ಸರಕೊಸ್ತಿ. ಮಾಂಸವಿಲ್ಲ, ತತ್ತಿಯಿಲ್ಲ, ಹಾಲಿಲ್ಲ. ಫ್ರಿಜ್ಜಿನಲ್ಲಿ ನಮ್ಮ ಮೊಸರು ಕಂಡು ಕಿರಿಯಾ ಹುಬ್ಬು ಗಂಟಿಕ್ಕಿದರು. "ಈಗ ಇವರು ನಮಗಿಂತ ಕಡಕ್ ಆದ್ರಲ್ರಿ" ಎಂದು ನೀಲಾ ನಕ್ಕಳು. ಆ ಧೈರ್ಯದ ಮೇಲೆ ನಾನೊಮ್ಮೆ ಜೋಳದ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ ಅವರ ತಟ್ಟೆಗೆ ಹಾಕಿದೆ. ಕಿರಿಯಾ ರೊಟ್ಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಮುಖ ಬಿಗಿಯಿತು.

"ಬೊಬೊತಾ" ಎಂದರು. "ಯುದ್ಧದ ಹಸಿವಿನಲ್ಲಿ ನಮ್ಮಮ್ಮ ಮಾಡಿದ ಗೋವಿನಜೋಳದ ಬ್ರೆಡ್ಡು ಹೀಗೇ ಇತ್ತು. ಇದನ್ನು ತಿನ್ನಲು ನಾನು ಸಮುದ್ರ ದಾಟಲಿಲ್ಲ."

ತಟ್ಟೆ ದೂಡಿ ಎದ್ದು ಹೋದರು. ನನಗೆ ಅವಮಾನವಾಯಿತು. ನಮಗೆ ರೊಟ್ಟಿ ಎಂದರೆ ತೌರು. ಅವರಿಗೆ ಅದು ಹೊಟ್ಟೆಯ ಬೆಂಕಿ. ಆದರೆ ಮರುದಿನ ಬೆಳಿಗ್ಗೆ ಕೆಳಗಿಳಿದು ಬಂದಾಗ, ಅವರು ಸಿಂಕಿನ ಮುಂದೆ ನಿಂತುಕೊಂಡು, ಉಳಿದಿದ್ದ ಒಣರೊಟ್ಟಿಯನ್ನು ಚೂರು ಚೂರಾಗಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಸದ್ದು ಮಾಡದೆ ಮೇಲೆ ಹೋದೆ.

ವಸಂತ ಬಂದರೆ ಅವರಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ತಲೆಗೆ ಸ್ಕಾರ್ಫು, ಕೈಯಲ್ಲಿ ಚೀಲ, ಪುಟ್ಟ ಚಾಕು. ಪಾರ್ಕಿನ ಅಂಚಿನ ಹಳ್ಳದ ದಂಡೆಗೆ ಸೊಪ್ಪು ಕೊಯ್ಯಲು ಹೊರಡುವರು. ಮುಟ್ಟಿದರೆ ತುರಿಸುವ ಚುರುಕನ ಗಿಡ, ಹುಳಿಸೊಪ್ಪು, ಹಳದಿ ಹೂವಿನ ದಂಡೇಲಿಯನ್, ಮತ್ತೆ ಅವರು ಮಿರೋನಿ ಎನ್ನುತ್ತಿದ್ದ, ನಮ್ಮ ಕೊತ್ತಂಬರಿಯ ಬಳಗದ ಒಂದು ಪರಿಮಳದ ಸೊಪ್ಪು. ಅಂಗಡಿಯ ಪಾಲಕ್ ಪಿಟಾ ರೋಗಿಗಳಿಗೆ ಎಂಬುದು ಅವರ ಮತ. ನಾಯಿ ಅಡ್ಡಾಡಿಸುವವರು ನಿಂತು ನೋಡುವರು. ನಾನೂ ಜತೆಗೆ ಹೋಗುತ್ತಿದ್ದೆ. ನಾನು ಗಿಡದ ಕುಲದ ಹೆಸರು ಹೇಳಿದರೆ ಅವರು ಅದರ ರುಚಿ ಹೇಳುವರು. ಲಂಡನ್ನಿಗೆ ಬಂದ ಮೇಲೆ ನನ್ನ ಓದಿಗೆ ಕೇಳುವ ಕಿವಿ ಸಿಕ್ಕಿದ್ದು ಅಲ್ಲೇ.

ಅವರ ಮಗಳು ದೆಸ್ಪಿನಾ ನಗರದ ಇನ್ನೊಂದು ಮಗ್ಗುಲಿನ ಸೌತ್‌ಗೇಟ್‌ನಲ್ಲಿ ಇದ್ದಳು. ಆಫೀಸಿನ ಕೆಲಸ, ಇರಿನಿ ಎಂಬ ಚಿಕ್ಕ ಮಗಳು. ಬಂದಾಗೆಲ್ಲ ತಾಯಿ-ಮಗಳ ನಡುವೆ ಗ್ರೀಕ್ ಭಾಷೆಯಲ್ಲಿ ಸಣ್ಣ ಜಗಳ ನಡೆಯುತ್ತಿತ್ತು. ಒಂದು ಸಲ ಗೇಟಿನ ಹತ್ತಿರ ಅವಳು ನನ್ನನ್ನು ತಡೆದಳು.

"ಅಮ್ಮ ಒಬ್ಬಳೇ ಇರುವುದು ನನಗೆ ಸರಿಕಾಣುತ್ತಿಲ್ಲ. ಮೊನ್ನೆ ಕಾಫಿಯನ್ನು ಕಪ್ಪಿನ ಹೊರಗೆ ಸುರಿದಳು. ಏನಾದರೂ ಹೆಚ್ಚುಕಡಿಮೆ ಕಂಡರೆ ನನಗೆ ಫೋನ್ ಮಾಡುತ್ತೀರಾ?"

"ವಯಸ್ಸಾಗಿದೆ, ಕೈ ನಡುಗುತ್ತೆ ಅಷ್ಟೆ" ಎಂದೆ. ನಾನು ಅಂದುಕೊಂಡಿದ್ದೂ ಅದನ್ನೇ.

"ಇವಳನ್ನು ನನ್ನ ಹತ್ತಿರ ಕರೆದುಕೊಂಡು ಹೋದರೆ ಈ ಮನೆ ಮಾರಬೇಕಾಗುತ್ತೆ" ಎಂದಳು ದೆಸ್ಪಿನಾ. ಹೆದರಿಸಲು ಹೇಳಿದ್ದಲ್ಲ. ಆದರೆ ನಾನು ಹೆದರಿದೆ.

ಇಷ್ಟರ ನಡುವೆ, ಹೇಸ್ ಬಡಾವಣೆಯ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸಕ್ಕೆ ನನಗೆ ಇಂಟರ್‌ವ್ಯೂ ಬಂತು. ಶುಕ್ರವಾರ ನಾನು ಅದಕ್ಕೆ ಹೋದಾಗ ಕಿರಿಯಾ ಒಬ್ಬರೇ ಹಳ್ಳಕ್ಕೆ ಹೋಗಿದ್ದರು. ಮರುದಿನ ಮಗಳು ಮೊಮ್ಮಗಳು ಊಟಕ್ಕೆ ಬರುವವರಿದ್ದರು.

ಶನಿವಾರ ನಾನು ಅಂಗಡಿಯಿಂದ ಕರಿಬೇವು ಹಿಡಿದು ಮರಳಿದಾಗ ಮನೆಯೆಲ್ಲ ಬೆಂದ ಪಿಟಾದ ಘಮ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಮುಂದಿನ ಕೋಣೆಯಿಂದ ತಟ್ಟೆಗಳ ಸದ್ದು, ಇರಿನಿಯ ನಗು ಕೇಳಿಸುತ್ತಿತ್ತು. ಕರಿಬೇವಿನ ಕಡ್ಡಿ ಎಸೆಯಲು ಇಲ್ಲಿನ ನಗರಸಭೆ ಕೊಟ್ಟ ಹಸಿಕಸದ ಡಬ್ಬಿ ತೆರೆದೆ. ಮೇಲೆಯೇ ಸೊಪ್ಪಿನ ದೇಟುಗಳು ಬಿದ್ದಿದ್ದವು. ಚುರುಕನ ದೇಟು, ಈರುಳ್ಳಿ ಬೇರು, ಮತ್ತೆ ನಾಲ್ಕಾರು ನಯವಾದ ಹಸಿರು ದೇಟು. ಅವುಗಳ ಮೇಲೆ ಯಾರೋ ಪೆನ್ನು ಕೊಡವಿದಂತೆ ನೇರಳೆ ಬಣ್ಣದ ಮಚ್ಚೆ.

ಒಂದನ್ನು ಎತ್ತಿಕೊಂಡೆ. ಮಿರೋನಿಯ ದೇಟಿಗೆ ಸಣ್ಣ ರೋಮ ಇರುತ್ತದೆ, ಇದಕ್ಕಿರಲಿಲ್ಲ. ಹಿಸುಕಿ ಮೂಸಿದೆ. ಇಲಿ ಸೇರಿಕೊಂಡ ಹಳೆಯ ಕಪಾಟಿನ ವಾಸನೆ.

ಹೆಮ್ಲಾಕ್. ಹಿಂದೆ ಅಥೆನ್ಸಿನಲ್ಲಿ ಒಬ್ಬ ಜ್ಞಾನಿಗೆ ಬಟ್ಟಲಲ್ಲಿ ಕುಡಿಸಿದರೆಂದು ಶಾಲೆಯಲ್ಲಿ ನಾವೆಲ್ಲ ಓದಿದ ವಿಷ. ಕೊತ್ತಂಬರಿ, ಜೀರಿಗೆ, ಗಜ್ಜರಿಯ ಕುಲದ ಪಾಠ ಮಾಡುವಾಗ ಪ್ರತಿವರ್ಷ ಹುಡುಗರಿಗೆ ಅದರ ಚಿತ್ರ ತೋರಿಸಿದ್ದೇನೆ. ಆದರೆ ಚಿತ್ರ ಮಾತ್ರ. ನಮ್ಮ ಸೀಮೆಯಲ್ಲಿ ಅದು ಬೆಳೆಯುವುದಿಲ್ಲ. ಜೀವಂತ ಗಿಡವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ನೀಲಾಗೆ ಫೋನ್ ಮಾಡಿದೆ. ಪುಣ್ಯಕ್ಕೆ ಎತ್ತಿದಳು.

"ನೀಲಾ, ಪಿಟಾದಾಗ ವಿಷದ ಗಿಡ ಬಿದ್ದಂಗ ಐತಿ. ಹೆಮ್ಲಾಕ್. ಖಾತ್ರಿ ಇಲ್ಲ ನನಗ."

"ಯಾರರ ತಿಂದಾರೇನ್ರಿ?"

"ಇಲ್ಲ. ಈಗ ಬಡಸಾಕತ್ತಾರ."

"ಹಂಗಾದ್ರ ನನ್ನ ಜೋಡಿ ಏನ್ ಮಾತಾಡಾಕತ್ತೀರಿ? ಹೋಗ್ರಿ ಒಳಗ! ತಪ್ಪಾದ್ರ ಆಮ್ಯಾಲ ಕ್ಷಮಾ ಕೇಳಿದ್ರಾತು."

ಅಡುಗೆಮನೆಯಿಂದ ಮುಂದಿನ ಕೋಣೆಗೆ ನಾಲ್ಕು ಹೆಜ್ಜೆ. ಅಷ್ಟರಲ್ಲಿ ಏನೆಲ್ಲ ತಲೆಯಲ್ಲಿ ಹಾದುಹೋಯಿತು. ತಪ್ಪಾದರೆ ನಾಳೆಯೇ ಬೀದಿಗೆ. ಸರಿಯಾದರೆ ಈ ಹೆಂಗಸಿನ ಗತಿ? ಬಾಗಿಲಲ್ಲಿ ನಿಂತಾಗ ಕಿರಿಯಾ ಚಾಕು ಹಿಡಿದು ನಿಂತಿದ್ದರು. ಇರಿನಿಯ ಫೋರ್ಕಿನಲ್ಲಿ ಆಗಲೇ ತುತ್ತು ಇತ್ತು. ಹೋಗಿ ಮಗುವಿನ ಕೈಯಿಂದ ಫೋರ್ಕನ್ನೂ ಮುಂದಿನ ತಟ್ಟೆಯನ್ನೂ ಕಿತ್ತುಕೊಂಡೆ.

"ತಿನ್ನಬೇಡಿ. ಯಾರೂ ತಿನ್ನಬೇಡಿ."

ಮಗು ಬಾಯಿ ತೆರೆದು ಅಳತೊಡಗಿತು. ದೆಸ್ಪಿನಾ ಎದ್ದು ನಿಂತಳು. "ಏನು ಮಾಡುತ್ತಿದ್ದೀರಿ ನೀವು?"

"ಸೊಪ್ಪಿನಲ್ಲಿ ಬೇರೆ ಗಿಡ ಸೇರಿದೆ. ವಿಷದ್ದು."

ಕಿರಿಯಾ ಎವಾಂಥಿಯಾರ ಮುಖ ನನ್ನ ಕಡೆ ತಿರುಗಿತು. ನನ್ನ ಕಡೆ ಎಂದರೆ, ನನ್ನ ಭುಜದಾಚೆ ಎಲ್ಲೋ. ಆಗ ನನಗೆ ಹೊಳೆಯಿತು. ಅವರು ನನ್ನ ಮುಖ ನೋಡಿ ಮಾತಾಡಿದ್ದನ್ನು ನಾನು ಇತ್ತೀಚೆಗೆ ಕಂಡೇ ಇರಲಿಲ್ಲ.

"ನನ್ನ ಮನೆಯಲ್ಲಿ ನಿಂತು," ಅವರು ತಗ್ಗಿದ ದನಿಯಲ್ಲಿ ಹೇಳಿದರು, "ನನ್ನ ಮೊಮ್ಮಗಳಿಗೆ ನಾನೇ ವಿಷ ಹಾಕಿದೆ ಅನ್ನುತ್ತೀಯಾ? ನಡೆಯಲು ಕಲಿತಾಗಿನಿಂದ ಸೊಪ್ಪು ಕೊಯ್ದವಳು ನಾನು. ನಿನ್ನ ಹೊಲಸು ವಾಸನೆ ಸಹಿಸಿಕೊಂಡೆ, ದಾಸ್ಕಲೆ. ಇದನ್ನು ಸಹಿಸುವುದಿಲ್ಲ. ಹೊರಡು."

"ಹೊರಡುತ್ತೇನೆ, ಕಿರಿಯಾ. ಮೊದಲು ಇದನ್ನು ನೋಡಿ."

ದೇಟನ್ನು ಚಾಚಿದೆ. ಅವರು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಮತ್ತೂ ಹತ್ತಿರ. ತಲೆ ಓರೆಮಾಡಿದರು. ಆ ಮಚ್ಚೆಗಳು ನನಗೆ ಮೂರು ಮಾರು ದೂರದಿಂದ ಕಾಣುತ್ತಿದ್ದವು.

"ಮಿರೋನಿ" ಎಂದರು. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಅಮ್ಮ," ದೆಸ್ಪಿನಾ ಮೆಲ್ಲಗೆ ಹೇಳಿದಳು, "ಅದರ ಮೇಲೆ ಬಣ್ಣ ಇದೆ. ನಿನಗೆ ಕಾಣುತ್ತಿಲ್ಲವೇ?"

ಕಿರಿಯಾ ದೇಟಿನ ಮೇಲೆ ಹೆಬ್ಬೆರಳು ಆಡಿಸಿದರು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಹಿಂದಿನ ದಿನ ಚುರುಕನ ಗಿಡಕ್ಕೆಂದು ದಪ್ಪ ಗ್ಲವ್ಸು ಹಾಕಿಕೊಂಡು ಕೊಯ್ದಿದ್ದರಂತೆ, ದೇಟಿನ ನಯ ಬೆರಳಿಗೆ ತಿಳಿದಿರಲಿಲ್ಲ. ಹೆಚ್ಚುವಾಗ ಸಬ್ಬಸಿಗೆ, ಈರುಳ್ಳಿಯ ಘಾಟು ಮನೆ ತುಂಬಿತ್ತು. ಈಗ ದೇಟನ್ನು ಮುರಿದು ಉಜ್ಜಿ ಮೂಗಿಗೆ ಹಿಡಿದರು. ಒಮ್ಮೆ ಉಸಿರೆಳೆದರು. ಕೈ ಕೆಳಗೆ ಬಿತ್ತು.

"ಕೋನಿಯೊ" ಎಂದರು. ಗ್ರೀಕರಲ್ಲಿ ಆ ಗಿಡದ ಹೆಸರು ಅದು. ಮೇಜಿನ ಅಂಚು ಹಿಡಿದು ಕುರ್ಚಿಗೆ ಕುಸಿದರು. ದೆಸ್ಪಿನಾ ಮಗುವಿನ ಬಾಯೊಳಗೆ ಬೆರಳು ಹಾಕಿ ನೋಡುತ್ತಿದ್ದಳು. ಇರಿನಿ ಏನೂ ನುಂಗಿರಲಿಲ್ಲ.

"ದಾಸ್ಕಲೆ," ಕಿರಿಯಾ ತಲೆಯೆತ್ತದೆ ಹೇಳಿದರು, "ನಾನು ಮೂಲೆಯ ತುಂಡು ತಿಂದಿದ್ದೇನೆ. ಉಪ್ಪು ನೋಡಲು. ಬೇರೆಯವರಿಗೆ ಬಡಿಸುವ ಮೊದಲು ನೋಡಬೇಕಲ್ಲ."

ಆಂಬುಲೆನ್ಸ್ ಬರುವವರೆಗಿನ ಹೊತ್ತನ್ನು ನಾನು ಈಗಲೂ ನೆನೆಯಲು ಇಷ್ಟಪಡುವುದಿಲ್ಲ. ಆಂಬುಲೆನ್ಸಿನವರು ಫೋನಿನಲ್ಲಿ ಕೇಳಿದ ಪ್ರಶ್ನೆಗಳಿಗೆ ದೆಸ್ಪಿನಾ ಉತ್ತರಿಸುತ್ತಿದ್ದಳು. ನನ್ನ ಫೋನಿನಲ್ಲಿ ನೀಲಾ: "ವಾಂತಿ ಮಾಡಸಬ್ಯಾಡ್ರಿ. ಕೂಡಸ್ರಿ. ಉಸುರಿನ ಮ್ಯಾಲೆ ಲಕ್ಷ್ಯ ಇಡ್ರಿ. ದೇಟು, ಪಿಟಾ ಎರಡೂ ಒಂದು ಡಬ್ಬ್ಯಾಗ ಹಾಕಿ ಜೋಡಿ ಕಳಸ್ರಿ." ಕಿರಿಯಾ ನನ್ನ ಮಣಿಕಟ್ಟು ಹಿಡಿದಿದ್ದರು. ಕಾಲು ಜೋಮು ಹಿಡಿದಿದೆ ಎಂದರು. ಆಮೇಲೆ ಮಂಡಿಯೂ ಇಲ್ಲ ಎಂದರು. ಆ ವಿಷ ಕಾಲಿನಿಂದ ಮೇಲಕ್ಕೆ ಏರುತ್ತದೆ ಎಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ. ಹುಡುಗರು ಕಥೆ ಎಂದು ಕೇಳುತ್ತಿದ್ದರು. ಆ ಹಿಡಿತ ಸಡಿಲವಾಗುತ್ತಿದೆಯೇ ಎಂದು ನಾನು ಕ್ಷಣಕ್ಷಣಕ್ಕೂ ಗಮನಿಸುತ್ತಿದ್ದೆ.

ಸಡಿಲವಾಗಲಿಲ್ಲ. ತಿಂದದ್ದು ಸಣ್ಣ ತುಂಡು, ಅದರಲ್ಲಿ ಆ ಎಲೆ ಇನ್ನೂ ಸ್ವಲ್ಪ. ಆಸ್ಪತ್ರೆಯಲ್ಲಿ ಉಸಿರಿಗೆ ಕಾವಲಿಟ್ಟು ನೋಡಿಕೊಂಡರು. ಗಿಡ ಅದೇ ಎಂದು ಬಲ್ಲವರಿಂದ ಖಾತ್ರಿಯಾಯಿತು. ಡ್ಯೂಟಿ ಮುಗಿಸಿ ಬಂದ ನೀಲಾ ಕಾರಿಡಾರಿನಲ್ಲಿ ನನ್ನನ್ನು ನೋಡಿದವಳೇ ನನ್ನ ಕೈ ತೆಗೆದುಕೊಂಡು ಸಿಂಕಿನ ಹತ್ತಿರ ಕರೆದೊಯ್ದು, ಮಗುವಿನ ಕೈ ತೊಳೆಯುವ ಹಾಗೆ ಸೋಪು ಹಚ್ಚಿ ತೊಳೆದಳು. ವಿಷದ ದೇಟು ಹಿಸುಕಿದ ಕೈ ಎಂಬುದು ನನಗೆ ಮರೆತೇಹೋಗಿತ್ತು.

ಕೆಲವು ದಿನಗಳಲ್ಲಿ ಕಿರಿಯಾ ನಡೆಯತೊಡಗಿದರು. ಆದರೆ ಕಣ್ಣಿನ ಡಾಕ್ಟರು, ಎರಡೂ ಕಣ್ಣಿನ ನಡುವಿನ ನೋಟ ಹೋಗಿಬಿಟ್ಟಿದೆ, ಅಂಚು ಮಾತ್ರ ಉಳಿದಿದೆ ಎಂದರು. ಕಿರಿಯಾರಿಗೆ ಇದು ಮೊದಲೇ ತಿಳಿದಿತ್ತು. ಯಾರಿಗೂ ಹೇಳಿರಲಿಲ್ಲ.

ದೆಸ್ಪಿನಾ ನಮ್ಮ ಮುಂದೆ ಒಂದು ಮಾತು ಇಟ್ಟಳು. ಅಡುಗೆಮನೆಗೆ ಬರುವ ಪ್ರತಿಯೊಂದನ್ನೂ ನಾನು ನೋಡಿಕೊಳ್ಳುವುದಾದರೆ ಅಮ್ಮ ಈ ಮನೆಯಲ್ಲೇ ಇರಬಹುದು. ನಾವೂ ಇರಬಹುದು. ಮೇಲಿನ ಕೋಣೆಯಲ್ಲಿ ನಾನೂ ನೀಲಾನೂ ಇದನ್ನೇ ಮಾತಾಡಿದೆವು.

"ನಿಮಗ ಹೇಸ್‌ನಾಗ ನೌಕರಿ ಸಿಕ್ಕೈತಿ. ನಾ ಆಸ್ಪತ್ರ್ಯಾಗ. ನಾವಿಲ್ಲದಾಗ ಆಕಿ ಹಳ್ಳಕ್ಕ ಹೋದ್ರ?" ಎಂದಳು ನೀಲಾ. "ಒಬ್ಬರ ಜೀವದ ಹೊಣಿಗೆ ನಾವು ಹ್ಞೂಂ ಅನ್ನೂದು ಬ್ಯಾಡ್ರಿ. ಆಗೂದಿಲ್ಲ ಅನ್ನೂದ ಚಲೋ."

ಅವಳ ಮಾತು ಸರಿ ಎಂದು ತಿಳಿದೂ ನನಗೆ ಅದನ್ನು ಹೇಳಲು ಎರಡು ದಿನ ಹಿಡಿಯಿತು. ಹೇಳಿದಾಗ ಕಿರಿಯಾ ಅಲ್ಲೇ ಕೂತಿದ್ದರು.

"ನನ್ನ ಜೀವ ಉಳಿಸಿದೆ, ದಾಸ್ಕಲೆ" ಎಂದರು. "ನನ್ನ ಮನೆ ತೆಗೆದೆ. ಎರಡೂ ನೀನೇ." ಕೋಪದ ದನಿ ಅದಲ್ಲ. ಹವಾಮಾನ ಹೇಳಿದಂತೆ ಹೇಳಿದರು.

ಅವರು ಸೌತ್‌ಗೇಟ್‌ಗೆ ಹೋದರು. ನಾವು ಹೇಸ್‌ನ ಒಂದು ಫ್ಲಾಟಿಗೆ. ಸ್ವಂತ ಅಡುಗೆಮನೆ. ಮೊದಲ ದಿನ ಹಟಕ್ಕೆ ಬಿದ್ದವನಂತೆ ಇಂಗಿನ ಒಗ್ಗರಣೆ ಕೊಟ್ಟೆ. ಹೊಗೆ ಚಾವಣಿಗೇರಿತು. ಯಾರೂ ಓಡಿ ಬರಲಿಲ್ಲ. ಎಷ್ಟೋ ದಿನದಿಂದ ಬಯಸಿದ್ದು ಇದೇ. ಆದರೆ ಬಾಣಲೆ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತ ನಿಂತೆ.

ಬಿಡುವಿನ ಭಾನುವಾರ ರೈಲು ಬದಲಿಸಿಕೊಂಡು ನಗರವನ್ನು ಅಡ್ಡ ಹಾಯ್ದು ಸೌತ್‌ಗೇಟ್‌ಗೆ ಹೋಗುತ್ತೇನೆ. ಮೊದಲ ಸಲ ಕಿರಿಯಾ ನನ್ನ ಜತೆ ಮಾತ್ರ ಮಾತಾಡಲಿಲ್ಲ. ಎರಡನೆಯ ಸಲ ಅಂಗಡಿಯ ಪಾಲಕ್ ಹಾಕಿ ನಾನು ಮಾಡಿದ ಬ್ಲಾತ್ಸರ್ಯಾವನ್ನು ಮೂಸಿ, "ರೋಗಿಗಳ ಊಟ" ಎಂದು ತಿಂದರು. ಈಗ ದಂಡೇಲಿಯನ್ ಎಲೆ ತರಿಸುತ್ತಾರೆ, ಅದೊಂದನ್ನೇ. ಮೇಜಿನ ಮೇಲೆ ಸುರಿದರೆ ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿ, ಮೂಸಿ, ಪಕ್ಕಕ್ಕಿಡುತ್ತಾರೆ. ನಾನೂ ನೋಡುತ್ತೇನೆ. ಬೇಯಿಸಿ, ನಿಂಬೆರಸ, ಆಲಿವ್ ಎಣ್ಣೆ ಹಾಕಿ ಇಬ್ಬರೂ ತಿನ್ನುತ್ತೇವೆ. ಒಲೆಯ ಮುಂದೆ ದೆಸ್ಪಿನಾ ನಿಲ್ಲುತ್ತಾಳೆ, ತಾಯಿಗೆ ಬಿಡುವುದಿಲ್ಲ. ಕಿರಿಯಾ ಕೈಕಟ್ಟಿ ಕೂತಿರುವುದನ್ನು ನೋಡುವುದು ಕಷ್ಟ.

ಕಳೆದ ಚಳಿಗಾಲ ರಜೆಗೆ ಧಾರವಾಡಕ್ಕೆ ಹೋಗಿದ್ದೆ. ಅವ್ವ ಪೇಟೆಯಿಂದ ಹಕ್ಕರಕಿ ತಂದಿದ್ದಳು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ: ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ, ರೊಟ್ಟಿಯ ಜತೆ ಹಸಿಯಾಗಿ ತಿನ್ನುವ ಸೊಪ್ಪು, ಲಂಡನ್ನಿನ ದಂಡೇಲಿಯನ್ನಿಗೆ ದೂರದ ತಂಗಿ. ತಟ್ಟೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಒಂದು ಹಿಡಿ ಹಕ್ಕರಕಿ. ನಾನು ಎಲೆ ಎತ್ತಿ ತಿರುಗಿಸಿದೆ. ದೇಟು ಸವರಿದೆ. ಮೂಗಿಗೆ ಹಿಡಿದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಏನ್ ಹುಡುಕಾಕತ್ತೀಯೋ ಅದರಾಗ? ನಾ ಕೊಟ್ಟಿದ್ದನ್ನ ಮೂಸಿ ನೋಡಿ ತಿಂತೀಯೇನ?"

"ಇಲ್ಲವ್ವಾ. ಸುಮ್ನ."

ಬಾಯಿಗೆ ಹಾಕಿಕೊಂಡೆ. ಅದೇ ಎಳೆಯ ಕಹಿ, ಅದೇ ರುಚಿ. ಆದರೆ ನಾಲಿಗೆ ನಿಂಬೆರಸ ಹುಡುಕಿತು, ಆಲಿವ್ ಎಣ್ಣೆ ಹುಡುಕಿತು. ಸೌತ್‌ಗೇಟ್‌ನ ಮೇಜಿನ ಮುಂದೆ ಕೂತಾಗ ಇದೇ ನಾಲಿಗೆ ಶೇಂಗಾ ಚಟ್ನಿ ಹುಡುಕುತ್ತದೆ. ತಟ್ಟೆ ಖಾಲಿ ಮಾಡಿದೆ.

ಅವ್ವನ ಮನಸ್ಸು ತಿಳಿಯಾಯಿತು. ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕುತ್ತ, ನನ್ನ ಕಡೆ ನೋಡದೆ ಕೇಳಿದಳು: "ಮತ್ತ, ಮನಿಗೆ ಎಂದ ಹೊಂಟೀಯಪಾ?"

ನಾನು ಹುಟ್ಟಿದ ಮನೆಯಲ್ಲಿ, ಅವಳ ಒಲೆಯ ಮುಂದೆ ಕೂತಿದ್ದೆ. ತಾನು ಏನು ಅಂದೆ ಎಂಬುದು ಅವಳ ಗಮನಕ್ಕೆ ಬರಲಿಲ್ಲ.

"ಬರೂ ಸೋಮವಾರ, ಅವ್ವಾ" ಎಂದೆ.